ಮೂರನೇ ಸಿಲಿಂಡರಿನ ನಿಂಬೆಹಣ್ಣು

ಎಂಜಿನ್ ಬೋರಿಂಗ್ ಅಂಗಡಿಗೆ ಕೆಲಸಕ್ಕೆ ಸೇರುವವರಿಗೆ ಮೊದಲ ದಿನ ಯಾರೂ ಹೇಳದ ಮಾತೊಂದಿದೆ. ನೀವು ಜೀವಮಾನವಿಡೀ ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಪೇಂಟ್ ಹೊಡೆದವನ ಕೆಲಸವನ್ನು ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಸೀಟ್ ಹೊಲಿದವನ ಕೆಲಸವನ್ನು ಕೂತವರು ಮೆಚ್ಚುತ್ತಾರೆ. ನಾವು ಕೊರೆದ ಸಿಲಿಂಡರ್ ಮಾತ್ರ, ಒಳಗೆ ಪಿಸ್ಟನ್ ಕೂತು ಮೇಲೆ ಹೆಡ್ ಮುಚ್ಚಿದ ಮೇಲೆ ಕತ್ತಲಲ್ಲೇ ಇರುತ್ತದೆ. ಮುಂದೆ ಯಾರಾದರೂ ಅದನ್ನು ತೆರೆದರೆ, ನಮ್ಮನ್ನು ಬೈಯುವುದಕ್ಕೇ ತೆರೆದಿರುತ್ತಾರೆ.

ನನ್ನ ಹೆಸರು ಮುನಿರಾಜು, ಊರು ರಾಜಾನುಕುಂಟೆ. ಯಶವಂತಪುರದ ಒಂದು ಬೋರಿಂಗ್ ಅಂಗಡಿಯಲ್ಲಿ ಮೂವತ್ತಾರು ವರ್ಷ ದುಡಿದು ಈಗ ಅಟ್ಟೂರಿನ ಮನೆಯಲ್ಲಿ ಕೂತಿದ್ದೇನೆ. ಅಂಗಡಿಯಲ್ಲಿ ಬಡ್ತಿ ಅನ್ನುವುದೇ ಇರಲಿಲ್ಲ. ಸ್ಟೂಲಿನಿಂದ ಕುರ್ಚಿಗೆ ಬಂದದ್ದೇ ನನ್ನ ಬಡ್ತಿ, ಆ ಕುರ್ಚಿಗೂ ಒಂದು ಕಾಲು ಕುಂಟು. ಆದ್ದರಿಂದ ಆ ವಿಷಯ ಬಿಟ್ಟು ಕೆಲಸದ ವಿಷಯಕ್ಕೆ ಬರುತ್ತೇನೆ.

ಎಂಜಿನ್ನಿನ ಬ್ಲಾಕ್ ಅಂದರೆ ಬೀಡುಕಬ್ಬಿಣದ ದೊಡ್ಡ ಗಟ್ಟಿ. ಅದರಲ್ಲಿ ದುಂಡನೆಯ ಬಾವಿಗಳಂತೆ ಸಿಲಿಂಡರುಗಳು ಇರುತ್ತವೆ. ಪಿಸ್ಟನ್ ಅದರೊಳಗೆ ವರ್ಷಗಟ್ಟಲೆ ಏರಿ ಇಳಿದು ಗೋಡೆ ಸವೆಯುತ್ತದೆ, ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಗಾಡಿ ಹೊಗೆ ಉಗುಳುತ್ತದೆ, ಎಣ್ಣೆ ಕುಡಿಯುತ್ತದೆ, ಏರು ಕಂಡರೆ ಮುನಿಸಿಕೊಳ್ಳುತ್ತದೆ. ನಾವು ಆ ಬಾವಿಯನ್ನು ಸ್ವಲ್ಪ ದೊಡ್ಡದಾಗಿ ಕೊರೆದು ಮತ್ತೆ ದುಂಡಗೆ ಮಾಡುತ್ತೇವೆ. ಆಮೇಲೆ ಹೋನಿಂಗ್ ಕಲ್ಲಿನಿಂದ ಉಜ್ಜಿ, ಎಣ್ಣೆ ನಿಲ್ಲುವಂತೆ ಸಣ್ಣ ಗೀರುಗಳನ್ನು ಎಳೆಯುತ್ತೇವೆ. ದೊಡ್ಡ ಸೈಜಿನ ಹೊಸ ಪಿಸ್ಟನ್ ಹಾಕಿದರೆ ಎಂಜಿನ್ನಿಗೆ ಮತ್ತೆ ಪ್ರಾಯ ಬಂದ ಹಾಗೆ. ನಮ್ಮ ಅಳತೆ ತೌ ಲೆಕ್ಕದಲ್ಲಿ, ಅಂದರೆ ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಎರಡು ತೌ ಆಚೀಚೆ ಆದರೂ ಕೆಲಸ ಕೆಟ್ಟಿತು.

ನನಗೆ ಇದನ್ನು ಕಲಿಸಿದವರು ಗಫಾರ್ ಸಾಬ್. ಅಂಗಡಿಯ ಹೆಡ್ ಮೇಸ್ತ್ರಿ, ನಮಗೆಲ್ಲ ಉಸ್ತಾದ್. ಗೇಜಿಗಿಂತ ತಮ್ಮ ಬಲಗೈ ತೋರುಬೆರಳಿನ ಉಗುರನ್ನೇ ಹೆಚ್ಚು ನಂಬುತ್ತಿದ್ದರು. ಸಿಲಿಂಡರಿನ ಗೋಡೆ ಮೇಲೆ ಉಗುರು ಎಳೆದಾಗ ಅದು ಎಲ್ಲಾದರೂ ಸಿಕ್ಕಿಕೊಂಡರೆ ಬ್ಲಾಕು ವಾಪಸ್ ಮೆಷಿನ್ನಿಗೆ. ಅವರು ಯಾರನ್ನೂ ಗದರುತ್ತಿರಲಿಲ್ಲ. ಕೋಪ ಬಂದರೆ ಟೀ ತರಿಸುತ್ತಿದ್ದರು. ತಾವೇ ಎದ್ದು ಬಂದು ಎರಡೂ ಕೈಯಲ್ಲಿ ಲೋಟ ಹಿಡಿದು ನಿಮಗೆ ಕೊಟ್ಟರು ಅಂದರೆ ನಿಮ್ಮ ಕಥೆ ಮುಗಿಯಿತು ಅಂತಲೇ ಅರ್ಥ.

ಟೀಗೆ ಸಂಬಂಧಿಸಿದ ಇನ್ನೊಂದು ಕಾನೂನೂ ಇತ್ತು. ಹೋನಿಂಗ್ ಮುಗಿದ ಕೂಡಲೇ ಯಾರೂ ಅಳತೆ ನೋಡಕೂಡದು. ಎರಡು ಟೀ ಕುಡಿಯಬೇಕು, ಆಮೇಲೆ ಗೇಜ್ ಮುಟ್ಟಬೇಕು. ಸೇರಿದ ಹೊಸದರಲ್ಲಿ ನನಗೆ ಇದು ಸೋಮಾರಿಗಳ ಉಪಾಯ ಅನ್ನಿಸಿತು. ನಮ್ಮ ಮನೆಯಲ್ಲಿ ಟೀ ಅಭ್ಯಾಸವೂ ಇರಲಿಲ್ಲ.

"ನಾನು ಟೀ ಕುಡಿಯಲ್ಲ ಉಸ್ತಾದ್," ಅಂದೆ.

"ಟೀ ನಿನಗಲ್ಲ ಕಣೋ, ಬ್ಲಾಕಿಗೆ," ಅಂದರು.

ನಾನು ಕೇಳಲಿಲ್ಲ. ಒಂದು ಟೆಂಪೋದ ಬ್ಲಾಕನ್ನು ಉಜ್ಜಿ, ಬಿಸಿಬಿಸಿ ಇರುವಾಗಲೇ ಅಳೆದು, ಸರಿಯಾಗಿದೆ ಅಂತ ಕಳಿಸಿದೆ. ಮಾರನೇ ದಿನ ಟೆಂಪೋದವನು ಪಿಸ್ಟನ್ನುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಇವನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕಾ ಅಂತ ಕೇಳಿದ. ಬಿಸಿಗೆ ಕಬ್ಬಿಣ ಹಿಗ್ಗಿತ್ತು, ತಣಿದ ಮೇಲೆ ಬಾವಿ ಕುಗ್ಗಿತ್ತು. ಉಸ್ತಾದ್ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಬಂದರು. ಅಂದಿನಿಂದ ನಾನು ಟೀ ಕುಡಿಯುತ್ತೇನೆ.

ಇನ್ನೊಂದು ಪದ್ಧತಿ ಗುರುತಿನದು. ಬ್ಲಾಕ್ ಕೊರೆದವನು ಅದರ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಪಂಚಿನಿಂದ ತನ್ನ ಹೆಸರಿನ ಒಂದು ಇಂಗ್ಲಿಷ್ ಅಕ್ಷರ ಹೊಡೆಯಬೇಕು. ಉಸ್ತಾದರದು ಜಿ, ನನ್ನದು ಎಂ. ಕೆಟ್ಟು ವಾಪಸ್ ಬಂದರೆ ನಾನಲ್ಲ ಅನ್ನುವಂತಿಲ್ಲ. ಟೆಂಪೋದ್ದೊಂದು ಬಿಟ್ಟರೆ ನನ್ನ ಎಂ ಹೊತ್ತ ಬ್ಲಾಕು ಮತ್ತೆಂದೂ ವಾಪಸ್ ಬಂದಿರಲಿಲ್ಲ. ಇದನ್ನು ಮದುವೆ ಮನೆಗಳಲ್ಲಿ ಕೇಳದವರಿಗೂ ಹೇಳುತ್ತಿದ್ದೆ.

ಮುಂದೆ ಕಾಲ ಬದಲಾಯಿತು. ಉಗುರೂ ಹಳೇ ಗೇಜೂ ಹೋಗಿ ಡಯಲ್ ಗೇಜ್ ಬಂತು, ಅದು ಹೋಗಿ ಅಂಕಿ ತೋರಿಸುವ ಡಿಜಿಟಲ್ ಗೇಜ್ ಬಂತು, ಕಡೆಗೆ ಯಜಮಾನರು ಪರದೆ ಇರುವ ದೊಡ್ಡ ಕಂಪ್ಯೂಟರ್ ಮೆಷಿನ್ನನ್ನೇ ತಂದರು. ಅಷ್ಟು ಹೊತ್ತಿಗೆ ಉಸ್ತಾದರಿಗೆ ಎಪ್ಪತ್ತು ದಾಟಿತ್ತು. ಕೆಲಸ ಬಿಟ್ಟಿದ್ದರೂ ಆರ್.ಟಿ. ನಗರದಿಂದ ಬಸ್ಸು ಹಿಡಿದು ದಿನಾ ಅಂಗಡಿಗೆ ಬಂದು ಕೂರುತ್ತಿದ್ದರು. ಹೊಸ ಮೆಷಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಟೀ ಕುಡಿಯತ್ತಾ ಇದು?" ಅಂತ ಕೇಳಿದರು. ಇಲ್ಲ ಅಂದಾಗ ಅದರ ಮೇಲೆ ಅವರಿಗಿದ್ದ ಆಸಕ್ತಿಯೇ ಹೋಯಿತು.

ಈಗ ಅಸಲು ಕಥೆ. ನನ್ನ ನಿವೃತ್ತಿಗೆ ಎರಡು ವರ್ಷ ಮುಂಚೆ ಗಂಗಾನಗರದಿಂದ ಪಾಟೀಲ ಮೇಷ್ಟ್ರು ಬಂದರು. ವಿಜಯಪುರದ ಕಡೆಯವರು, ಬೆಂಗಳೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತರಾದವರು. ಗೂಡ್ಸ್ ಆಟೋದಲ್ಲಿ ಒಂದು ಬ್ಲಾಕ್ ತಂದಿದ್ದರು. ಅದಕ್ಕೆ ಇಳಕಲ್ ಸೀರೆ ಸುತ್ತಿತ್ತು. ಜೊತೆಯಲ್ಲೇ ಅವರ ಹೆಂಡತಿ ಶಾಂತಾಬಾಯಿ ಬಂದಿದ್ದರು, ಬ್ಲಾಕಿಗಾಗಿ ಅಲ್ಲ, ಸೀರೆ ವಾಪಸ್ ಒಯ್ಯುವುದಕ್ಕೆ.

"ಹನ್ನೊಂದ್ ವರ್ಷ ಆತ್ರೀ ಈ ಗಾಡಿ ನಮ್ಮ ಮನ್ಯಾಗ ಬಂದು," ಅಂದರು ಆಕೆ. "ಒಂದ್ ದಿನ ಓಡಿಲ್ಲ. ಅದರ ಬಾನೆಟ್ ಮ್ಯಾಲೆ ನಾ ಶಂಡಿಗಿ ಒಣಗಸ್ತೀನಿ. ಅಷ್ಟಽ ಅದರ ಉಪಯೋಗ."

ಅದು ಎರಡೇ ಸೀಟಿನ ಕೆಂಪು ವಿಲಾಯಿತಿ ಸ್ಪೋರ್ಟ್ಸ್ ಕಾರು. ನಮ್ಮೂರ ರಾಜಾನುಕುಂಟೆಯ ಪಕ್ಕದ ಒಂದು ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ನಿಂತಿತ್ತಂತೆ, ಡ್ರೈವರ್ ಸೀಟಿನಲ್ಲಿ ಕೋಳಿ ಕಾವು ಕೂತಿತ್ತಂತೆ. ಮೇಷ್ಟ್ರು ಕೋಳಿ ಏಳುವ ತನಕ ಕಾದು ಕಾರನ್ನು ಕೊಂಡಿದ್ದರು. ಹನ್ನೊಂದು ವರ್ಷದಲ್ಲಿ ಬಾಗಿಲು, ಗಾಜು, ಚಕ್ರ, ಲೈಟು ಒಂದೊಂದಾಗಿ ಕೂಡಿಸಿದ್ದರು. ಉಳಿದದ್ದು ಎಂಜಿನ್ ಒಂದೇ.

"ಬ್ಲಾಕಿನ ಮ್ಯಾಲಿನ ನಂಬರೂ ಕಾಗದದಾಗಿನ ನಂಬರೂ ಒಂದಽ ಅದಾವ್ರೀ," ಅಂದರು ಮೇಷ್ಟ್ರು. "ಇಂಥಾ ಬ್ಲಾಕ್ ಇನ್ನೊಂದು ಎಲ್ಲೂ ಸಿಗಂಗಿಲ್ಲ. ಇದು ಹೋತಂದ್ರ ಗಾಡೀನೂ ಹೋತು. ನಾ ಭಾಳ ಹುಡುಕೀನಿ ಮುನಿರಾಜು ಅವರ." ಹೇಳುವಾಗ ಅವರ ಕೈ ಬ್ಲಾಕಿನ ಮೇಲೆಯೇ ಇತ್ತು.

ಶಾಂತಾಬಾಯಿ ಸೀರೆ ಮಡಚಿಕೊಳ್ಳುತ್ತಾ, "ಅದು ಓಡಿದ್ರೂ ನಾ ಅದರಾಗ ಕೂಡಂಗಿಲ್ಲ," ಅಂದರು.

ಬ್ಲಾಕನ್ನು ಬಿಸಿ ಕಾಸ್ಟಿಕ್ ನೀರಿನಲ್ಲಿ ಅದ್ದಿ ದಶಕಗಳ ಜಿಡ್ಡು ತೆಗೆದು ಅಳೆದೆ. ಹಿಂದೆ ಯಾರೋ ನಲವತ್ತು ತೌ ಕೊರೆದಿದ್ದರು. ಅರವತ್ತಕ್ಕೆ ಕೊರೆಯಬಹುದಿತ್ತು, ಅದೇ ಕೊನೆಯ ಸೈಜು. ಅದಕ್ಕಿಂತ ದೊಡ್ಡ ಪಿಸ್ಟನ್ನೂ ಇಲ್ಲ, ಆಚೆಗೆ ಕೊರೆಯಲು ಗೋಡೆಯೂ ಇಲ್ಲ. ಸುತ್ತ ಹರಿಯುವ ನೀರಿನ ದಾರಿಗೇ ತೂತು ಬೀಳಬಹುದು. ಮೇಷ್ಟ್ರು ಎಂಟು ತಿಂಗಳು ಕಾದು ವಿಲಾಯಿತಿಯಿಂದ ಅರವತ್ತರ ಪಿಸ್ಟನ್ ತರಿಸಿಕೊಂಡರು.

ಬ್ಲಾಕನ್ನು ಮಗುಚಿದಾಗ ಅಡಿಯಲ್ಲಿ ಒಂದು ಜಿ ಕಂಡಿತು.

"ಉಸ್ತಾದ್! ಇದು ನಿಮ್ಮ ಕೈಯೇ! ನೀವೇ ಕೊರೆದ ಬ್ಲಾಕು!"

ಉಸ್ತಾದ್ ಬಂದು ನೋಡಿದರು. ಖುಷಿಪಡುತ್ತಾರೆ ಅಂದುಕೊಂಡಿದ್ದೆ. "ಇರ್ಬೋದು," ಅಂದು ಟೀ ಅಂಗಡಿಗೆ ಹೊರಟೇಬಿಟ್ಟರು. ವಯಸ್ಸಾಯಿತು, ಮರೆವು ಅಂದುಕೊಂಡೆ.

ನಾನು ಕೊರೆಯುವ ಒಂದೊಂದು ದಿನವೂ ಅವರು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರುತ್ತಿದ್ದರು. ಮೂರನೇ ಸಿಲಿಂಡರಿಗೆ ಬಂದಾಗ ಮಾತ್ರ ಎದ್ದು ನಿಂತು ಬಗ್ಗಿ ನೋಡಿದರು. ಅದರ ಬಾಯಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರದ ಗೀಟೊಂದಿತ್ತು. ಬ್ಲಾಕಿಗೂ ಹೆಡ್ಡಿಗೂ ನಡುವೆ ಇಡುವ ಗ್ಯಾಸ್ಕೆಟ್ ತಗಡು ಕೂತ ಗುರುತು ಅಂತ ನಾನು ಬಿಟ್ಟೆ. ಅವರು ಮತ್ತೆ ಸ್ಟೂಲಿನ ಮೇಲೆ ಕೂತರು.

ಹೋನಿಂಗ್ ಮುಗಿದು ಎರಡು ಟೀ ಕುಡಿದು ಅಳೆದಾಗ ನಾಲ್ಕು ಸಿಲಿಂಡರೂ ಹೇಳಿ ಮಾಡಿಸಿದ ಹಾಗಿದ್ದವು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆ. ಸಾಬೂನು ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಬಿಡದೆ, ಎಣ್ಣೆ ಸವರಿ ಇಟ್ಟೆ. ನನ್ನ ಜೀವಮಾನದ ಅತ್ಯುತ್ತಮ ಕೆಲಸ ಅದು. ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹವನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಮಾರನೇ ದಿನ ಆಯುಧಪೂಜೆ. ನಮ್ಮ ಅಂಗಡಿಯಲ್ಲಿ ಪೂಜೆಯ ಉಸ್ತುವಾರಿ ನನ್ನದು. ಮೆಷಿನ್ನುಗಳಿಗೆಲ್ಲ ವಿಭೂತಿ ಪಟ್ಟೆ ಬಳಿದು, ಮಾವಿನೆಲೆ ಕಟ್ಟಿ, ಬೂದುಗುಂಬಳಕ್ಕೆ ಕುಂಕುಮ ಹಚ್ಚಿ ಎಲ್ಲ ಮುಗಿಸಿದೆ. ಆಗ ನನ್ನ ಕಣ್ಣು ಆ ಬ್ಲಾಕಿನ ಮೇಲೆ ಬಿತ್ತು. ಇಷ್ಟು ಚೆಂದದ ಕೆಲಸಕ್ಕೆ ದೃಷ್ಟಿಯಾದರೆ? ಎತ್ತಿಸಿ ತಂದು ದೇವರ ಪಟದ ಮುಂದೆ ಮೇಜಿನ ಮೇಲೆ ಇಡಿಸಿದೆ. ಕುಂಕುಮ ಹಚ್ಚಲು ಹೋದರೆ ಎಣ್ಣೆಯ ಮೇಲೆ ನಿಲ್ಲಲಿಲ್ಲ, ಜಾರಿತು. ಏನು ಮಾಡಿದೆ ಗೊತ್ತೇ? ಎಣ್ಣೆಯನ್ನು ಒರೆಸಿದೆ! ಬರೀ ಮೇಲ್ಭಾಗದ್ದಲ್ಲ, ಶ್ರದ್ಧೆ ಜಾಸ್ತಿಯಾಗಿ ಒಳಗೂ ಕೈಹಾಕಿ ಒರೆಸಿದೆ. ನಾಲ್ಕೂ ಸಿಲಿಂಡರಿನ ತುಂಬಾ ಚೆಂಡುಹೂವು ತುರುಕಿದೆ. ಒಂದೊಂದರ ಬಾಯಿಯ ಅಂಚಿನಲ್ಲೂ ಅರ್ಧ ಹೋಳು ನಿಂಬೆಹಣ್ಣು ಇಟ್ಟೆ, ಮೇಲೆ ಕುಂಕುಮ. ಮಂಗಳಾರತಿ ಎತ್ತಿ, ಫೋಟೋ ಹೊಡೆದು, ಕಡ್ಲೆಪುರಿ ಹಂಚಿ ಬಾಗಿಲು ಹಾಕಿದೆವು. ಮಾರನೇ ದಿನ ವಿಜಯದಶಮಿ, ಅದರ ಮಾರನೇ ದಿನ ಭಾನುವಾರ.

ಸೋಮವಾರ ಹೂವು ತೆಗೆದೆ. ಒಂದು, ಎರಡು, ನಾಲ್ಕರಲ್ಲಿ ತೆಳ್ಳಗೆ ತುಕ್ಕಿನ ಮಬ್ಬು, ಉಜ್ಜಿದರೆ ಹೋಗುವಂಥದು. ಮೂರನೆಯದರಲ್ಲಿ ನಿಂಬೆ ಹೋಳು ಅಂಚಿನಿಂದ ಜಾರಿ ಒಳಗೆ ಬಿದ್ದು, ಚೆಂಡುಹೂವಿನ ಒತ್ತಿಗೆ ಗೋಡೆಗೆ ಅಂಟಿಕೊಂಡು ಕೂತಿತ್ತು. ಕಿತ್ತು ತೆಗೆದೆ. ಗೋಡೆಯ ಮೇಲೆ ನಿಂಬೆಹಣ್ಣಿನ ಪಡಿಯಚ್ಚು! ದುಂಡನೆಯ ಚಕ್ರ, ಅದರೊಳಗೆ ಒಂಬತ್ತು ತೊಳೆ, ಒಂದು ಬೀಜದ ಗುರುತು ಸಹ. ಉಗುರು ಎಳೆದೆ. ಸಿಕ್ಕಿಕೊಂಡಿತು. ಮತ್ತೆ ಎಳೆದೆ. ಮತ್ತೆ ಸಿಕ್ಕಿಕೊಂಡಿತು.

ಅದನ್ನು ಉಜ್ಜಿ ತೆಗೆಯಲು ಹೋದರೆ ಬಾವಿ ದೊಡ್ಡದಾಗಿ ಪಿಸ್ಟನ್ ಲೊಡಲೊಡ ಅನ್ನುತ್ತದೆ. ಕೊರೆಯಲು ಮುಂದಿನ ಸೈಜಿಲ್ಲ. ಹನ್ನೊಂದು ವರ್ಷ ಒಬ್ಬ ಮನುಷ್ಯ ಕಾಪಾಡಿಕೊಂಡು ಬಂದದ್ದನ್ನು ನಾನು ಮೂರು ದಿನದಲ್ಲಿ, ಅದೂ ಭಕ್ತಿಯಿಂದ, ಹಾಳು ಮಾಡಿದ್ದೆ. ನನಗೆ ಅಳು ಬಂತು. ಐವತ್ತಾರು ವರ್ಷದ ಗಂಡಸು ಬ್ಲಾಕಿನೊಳಗೆ ತಲೆ ಹಾಕಿ ನಿಂತಿದ್ದೆ. ಮಧ್ಯಾಹ್ನ ಮೇಷ್ಟ್ರು ಬ್ಲಾಕ್ ಒಯ್ಯಲು ಬರುವವರಿದ್ದರು.

ಉಸ್ತಾದ್ ಬಂದರು. "ಕ್ಯಾ ರೇ, ಒಳಗೆ ಏನು ಹುಡುಕ್ತಿದೀಯಾ?"

"ಇಂಗಾಗೋಯ್ತು ಉಸ್ತಾದ್," ಅಂದೆ. ನಿಂಬೆ ಹೋಳನ್ನೇ ಕೈಗಿಟ್ಟೆ.

ಅವರು ಹೋಳನ್ನು ನೋಡಿದರು, ಒಳಗಿನ ಅಚ್ಚನ್ನು ನೋಡಿದರು. ಹೊರಗೆ ಹೋದರು. ಬರುವಾಗ ಎರಡೂ ಕೈಯಲ್ಲಿ ಲೋಟ ಹಿಡಿದಿದ್ದರು. ನಾನು ಕಣ್ಣು ಮುಚ್ಚಿಕೊಂಡು ಟೀ ತೆಗೆದುಕೊಂಡೆ. ಕಣ್ಣು ಬಿಟ್ಟಾಗ ಅವರು ಸ್ಟೂಲಿನ ಮೇಲೆ ಕೂತು, ಭುಜ ಕುಣಿಸುತ್ತಾ ಸದ್ದಿಲ್ಲದೆ ನಗುತ್ತಿದ್ದರು.

"ನಾಲ್ಕು ಸಿಲಿಂಡರ್ ಇದೆ. ನಿನ್ನ ನಿಂಬೆಹಣ್ಣು ಹೋಗಿ ಹೋಗಿ ಮೂರನೇದಕ್ಕೇ ಬೀಳ್ಬೇಕಾ? ಅಲ್ಲಾ ದೊಡ್ಡೋನು ಕಣೋ."

ನನ್ನ ಕೈ ಹಿಡಿದು ಸಿಲಿಂಡರಿನ ಬಾಯಿಯ ಆ ಉಂಗುರದ ಗೀಟಿನ ಮೇಲೆ ನನ್ನ ಉಗುರು ಇಟ್ಟರು.

"ಗ್ಯಾಸ್ಕೆಟ್ ಮಾರ್ಕ್ ಅನ್ಕೊಂಡ್ಯಾ? ಲೈನರ್ ಅದು. ನಾನೇ ಹಾಕಿದ್ದು."

ಲೈನರ್ ಅಂದರೆ ಸಿಲಿಂಡರಿನ ಗೋಡೆ ತೀರಾ ಹಾಳಾದಾಗ ಒಳಗೆ ಒತ್ತಿ ಕೂರಿಸುವ ಕಬ್ಬಿಣದ ತೆಳು ಕೊಳವೆ. ಅದು ಕೆಟ್ಟರೆ ಕಿತ್ತು ಹೊಸದು ಹಾಕಬಹುದು. ಆಮೇಲೆ ಉಸ್ತಾದ್ ಹೇಳಿದ್ದು ಇಷ್ಟು. ಪ್ರಾಯದಲ್ಲಿ ಇದೇ ಕಾರಿನ ಎಂಜಿನ್ ಅವರ ಕೈಗೆ ಬಂದಿತ್ತು. ಅಂದು ಅವರ ನಿಶ್ಚಿತಾರ್ಥ. ಹೋನಿಂಗ್ ಮಾಡಿ, ಬ್ಲಾಕ್ ತಣಿಯಲು ಬಿಡದೆ ಅಳೆದು, ಹೊಸ ಶೇರ್ವಾನಿ ಹಾಕಿಕೊಂಡು ಓಡಿದರು. ವಾರದಲ್ಲಿ ಹೆಬ್ಬಾಳದ ಏರಿನಲ್ಲಿ ಮೂರನೇ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ನಿಂತಿತು, ಗೋಡೆ ಗೀರಿಹೋಯಿತು. ಯಾರಿಗೂ ಹೇಳದೆ, ತೂತು ಬಿದ್ದರೆ ಬೀಳಲಿ ಅಂತ ಗೋಡೆ ಕೊರೆದು ಲೈನರ್ ಹಾಕಿ, ಮೇಲ್ಭಾಗವನ್ನು ನುಣ್ಣಗೆ ಉಜ್ಜಿ ಕೊಟ್ಟುಬಿಟ್ಟರು. ಎರಡು ಟೀ ಕಾನೂನು ಹುಟ್ಟಿದ್ದು ಆ ದಿನ.

"ಜಿ ನೋಡಿದ ದಿನಾನೇ ಯಾಕೆ ಹೇಳ್ಲಿಲ್ಲ ಉಸ್ತಾದ್?"

"ನಿನ್ನ ಮುಂದೆ ಮರ್ಯಾದೆ ಹೋಗಲ್ವಾ?" ಅಂದರು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಾನು ಹೆದರಿಕೊಂಡು ಬಾಳಿದ ಮನುಷ್ಯ ನನಗೆ ಹೆದರಿದ್ದರು ಅಂತ ಆಗ ಗೊತ್ತಾಯಿತು. ಅವರ ಮೇಲೆ ಪ್ರೀತಿ ಉಕ್ಕಿ ಬಂತು, ಜೊತೆಗೇ ಸ್ವಲ್ಪ ಸಿಟ್ಟೂ ಬಂತು.

ಅಷ್ಟರಲ್ಲಿ ಮೇಷ್ಟ್ರು, ಶಾಂತಾಬಾಯಿ ಬಂದರು. ಮುಚ್ಚಿಡಬಹುದಿತ್ತು. ಉಸ್ತಾದ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ನಾನೇ ಎಲ್ಲವನ್ನೂ ಹೇಳಿಬಿಟ್ಟೆ. ಮೇಷ್ಟ್ರ ಮುಖ ಬಿಳುಚಿತು. "ಬ್ಲಾಕ್ ಉಳೀತದೇನ್ರೀ?" ಅಂತ ಒಂದೇ ಮಾತು ಕೇಳಿದರು.

"ಹಳೇ ಲೈನರ್ ಹೊರಗೆ ಬರುವಾಗ ಗೋಡೆ ಬಿರುಕು ಬಿಡದಿದ್ರೆ ಉಳಿಯತ್ತೆ ಸಾರ್," ಅಂದರು ಉಸ್ತಾದ್. "ಬಿಟ್ರೆ ಇಲ್ಲ. ಸುಳ್ಳು ಹೇಳಲ್ಲ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿದರು. ಅಚ್ಚನ್ನು ಕಂಡದ್ದೇ ತಡ ಒಳಗಿದ್ದ ಕೆಮಿಸ್ಟ್ರಿ ಮೇಷ್ಟ್ರು ಎದ್ದು ಬಂದರು. "ಅಬಾಬಾ! ಸಿಟ್ರಿಕ್ ಆಸಿಡ್ಡು! ಏನ್ ಛಂದ ಮೂಡೇದ ನೋಡಽ ಇಲ್ಲೆ!"

ಶಾಂತಾಬಾಯಿಯೂ ಇಣುಕಿ ನೋಡಿದರು. "ಹನ್ನೊಂದ್ ವರ್ಷದಾಗ ನಿಮ್ಮ ಗಾಡ್ಯಾಗ ಕೂತಾಂವ ಇವನೊಬ್ಬನಽ ನೋಡ್ರಿ, ನಿಂಬೀಹಣ್ಣು," ಅಂದರು.

ಬ್ಲಾಕನ್ನು ಮಗುಚಿ ಪ್ರೆಸ್ಸಿನ ಕೆಳಗೆ ಇಟ್ಟೆವು. ಲೈನರಿನ ಅಡಿಗೆ ತಟ್ಟೆ ಕೊಟ್ಟು ನಾನು ಹ್ಯಾಂಡಲ್ ಒತ್ತತೊಡಗಿದೆ. ಒತ್ತಡ ತೋರಿಸುವ ಮುಳ್ಳು ಏರಿತು, ಲೈನರ್ ಕದಲಲಿಲ್ಲ. ಇನ್ನೂ ಒತ್ತಿದೆ. ಟಕ್ ಅಂತ ದೊಡ್ಡ ಸದ್ದಾಯಿತು. ಮೇಷ್ಟ್ರು ಹೆಂಡತಿಯ ಕೈ ಹಿಡಿದುಕೊಂಡುಬಿಟ್ಟರು. ಲೈನರ್ ಅರ್ಧ ಇಂಚು ಹೊರಗೆ ಬಂದಿತ್ತು, ಸದ್ದು ಅದು ಬಿಡಿಸಿಕೊಂಡದ್ದರದು. ಪೂರ್ತಿ ಹೊರತೆಗೆದು, ನೀರಿನ ಒತ್ತಡ ಕೊಟ್ಟು ಗೋಡೆಯನ್ನು ಪರೀಕ್ಷಿಸಿದೆವು. ಒಂದು ತೊಟ್ಟೂ ಸೋರಲಿಲ್ಲ. ಮೇಷ್ಟ್ರು ಹಿಡಿದಿದ್ದ ಕೈಯನ್ನು ಶಾಂತಾಬಾಯಿಯೂ ಬಿಡಿಸಿಕೊಳ್ಳಲಿಲ್ಲ.

ಹೊರಬಂದ ಲೈನರಿನ ಹೊರಮೈಯಲ್ಲಿ, ಬ್ಲಾಕಿಗೆ ಅಂಟಿಕೊಂಡು ಎಂದೂ ಯಾರಿಗೂ ಕಾಣದ ಜಾಗದಲ್ಲಿ, ಸಣ್ಣದೊಂದು ಜಿ ಇತ್ತು. ಕದ್ದು ಮಾಡಿದ ಕೆಲಸಕ್ಕೂ ಉಸ್ತಾದ್ ಗುರುತು ಹೊಡೆದಿದ್ದರು.

ಹೊಸ ಲೈನರ್ ಕುಗ್ಗಲು ಐಸ್ ಬೇಕಿತ್ತು. ಎದುರಿನ ನಿಂಬೆ ಶರಬತ್ತಿನ ಗಾಡಿಯಿಂದ ತಂದೆವು. ಒತ್ತಿ ಕೂರಿಸುವ ಮುಂಚೆ ಉಸ್ತಾದ್ ಪಂಚು, ಸುತ್ತಿಗೆ ನನ್ನ ಕೈಗೆ ಕೊಟ್ಟರು. "ಹೊಡಿ ನಿನ್ನ ಅಕ್ಷರ. ಮೆಲ್ಲಗೆ." ಲೈನರಿನ ಹೊರಮೈಯ ತುದಿಯಲ್ಲಿ ಎಂ ಹೊಡೆದು, ಎದ್ದ ಅಂಚನ್ನು ಅರದಿಂದ ಉಜ್ಜಿ, ಒಳಗೆ ಇಳಿಸಿದೆವು. ಕೊರೆದು, ಹೋನಿಂಗ್ ಮಾಡಿ, ನಾನು ಆ ದಿನ ಮೂರು ಟೀ ಕುಡಿದು ಅಳೆದೆ.

ಮರುವರ್ಷದ ಆಯುಧಪೂಜೆಗೆ ಕೆಂಪು ಕಾರು ಅಂಗಡಿ ಮುಂದೆ ತಾನೇ ಓಡಿಕೊಂಡು ಬಂದು ನಿಂತಿತು. ಶಾಂತಾಬಾಯಿ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು, ತೊಡೆಯ ಮೇಲೆ ಹೂವಿನ ಬುಟ್ಟಿ. "ಮನ್ಯಾಗ ಕೂತು ಬ್ಯಾಸರಾಗಿತ್ತು, ಅದಕ್ಕ ಬಂದೆ," ಅಂದರು. ಹಳೆಯ ಲೈನರ್ ಈಗ ಅವರ ಅಡುಗೆಮನೆಯಲ್ಲಿ ಸೌಟು, ಲಟ್ಟಣಿಗೆ ನಿಲ್ಲಿಸುವ ಡಬ್ಬಿಯಾಗಿದೆ. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟ ಮೇಲೆ ಆಕೆ ಐದನೆಯದನ್ನು ಎತ್ತಿ, "ಎಂಜಿನ್ನಿಗೂ ಒಂದು ಇಡ್ರಲ್ಲ," ಅಂದರು. "ಬೇಡ!" ಅಂತ ನಾನೂ ಉಸ್ತಾದರೂ ಒಟ್ಟಿಗೇ ಕೂಗಿದ್ದಕ್ಕೆ ಪಕ್ಕದ ಅಂಗಡಿಯವರು ಓಡಿ ಬಂದರು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಇದನ್ನು ಬರೆಯಲು ಕಾರಣವಿದೆ. ನಾನು ಇಲ್ಲದ ಕಾಲದಲ್ಲಿ ಆ ಎಂಜಿನ್ ಮತ್ತೆ ಸವೆಯುತ್ತದೆ. ಯಾರೋ ಅದನ್ನು ಸೀರೆಯಲ್ಲೋ ಗೋಣಿಯಲ್ಲೋ ಸುತ್ತಿಕೊಂಡು ಬೋರಿಂಗ್ ಅಂಗಡಿಗೆ ತರುತ್ತಾರೆ. ಅಲ್ಲಿ ನಿಂತಿರುವುದು ನೀವೇ ಆಗಿರಬಹುದು. ಮೂರನೇ ಸಿಲಿಂಡರಿನ ಲೈನರನ್ನು ಹುಷಾರಾಗಿ ಹೊರಗೆ ತೆಗೆಯಿರಿ, ಹೊರಮೈಯಲ್ಲಿ ಒಂದು ಎಂ ಇರುತ್ತದೆ. ಅದು ನನ್ನದು, ತಪ್ಪೂ ನನ್ನದೇ. ಬೈಯಬೇಕು ಅನ್ನಿಸಿದರೆ ಧಾರಾಳವಾಗಿ ಬೈಯಿರಿ, ಆದರೆ ಎರಡು ಟೀ ಕುಡಿದ ಮೇಲೆ.